ಬಾಯಿ ಬಿಡದ ಮಗು ದಡ್ಡ ಮಗುವಲ್ಲ

ಹೊಲದ ಕೆಲಸ ಮುಗಿದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನ ಗುಳೆ ಹೊರಡುತ್ತಾರೆ. ಮಂಡ್ಯದ ಕಬ್ಬಿನ ಗದ್ದೆ, ಮಲೆನಾಡಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡ ಕೆಲಸ. ಜೊತೆಗೆ ಹೋದ ಮಕ್ಕಳು ತಿಂಗಳುಗಟ್ಟಲೆ ಕಳೆದು ಶಾಲೆಗೆ ಮರಳುತ್ತಾರೆ. ಅಜ್ಜಿಯ ಹತ್ತಿರ ಉಳಿದವರು ಮಂಕಾಗಿ ಕೂರುತ್ತಾರೆ. ಎರಡೂ ಬಗೆಯ ಮಕ್ಕಳಿಗೆ ಬೀಳುವ ಮಾತು ಒಂದೇ: ‘ಇದರ ತಲಿಗೆ ಹತ್ತಲ್ಲ ಬಿಡ್ರಿ.’

ಈ ತೀರ್ಪು ತಪ್ಪು. 52ರಲ್ಲಿ 17 ಕಳೆಯಬೇಕಾದರೆ ಪಕ್ಕದ ಮನೆಯಿಂದ ಹತ್ತು ಕಡ ತರಬೇಕು, ತಂದದ್ದನ್ನು ನೆನಪಿಡಬೇಕು. ಹಾಗೆ ಹಿಡಿದಿಡಲು ಮನಸ್ಸಿನಲ್ಲಿರುವ ಜಾಗ ಬಹಳ ಚಿಕ್ಕದು. ‘ಅವ್ವ ಯಾವಾಗ ಬರ್ತಾಳ’, ‘ತಪ್ಪಾದ್ರ ಎಲ್ಲರೂ ನಗ್ತಾರ’ ಎಂಬ ಅಳುಕು ಅಲ್ಲಿ ಬಂದು ಕೂತರೆ ಕಡ ತಂದ ಹತ್ತು ಜಾರಿ ಹೋಗುತ್ತದೆ. ಬೋರ್ಡಿನ ಮುಂದೆ ನಿಂತ ಹುಡುಗಿ ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಾಳೆ. ಅದೇ ಹುಡುಗಿ ಸಂಜೆ ಅಂಗಡಿಗೆ ಹೋಗಿ ಐವತ್ತರ ನೋಟು ಮುರಿಸಿ, ಚಿಲ್ಲರೆ ಎಣಿಸಿಯೇ ತರುತ್ತಾಳೆ. ಲಂಬಾಣಿ ತಾಂಡಾದ ಮಗುವಾದರಂತೂ ಮನೆಯ ಮಾತು ಗೋರ್‌ಬೋಲಿ, ಪಾಠದ ಮಾತು ಕನ್ನಡ, ಅಳುಕು ಇಮ್ಮಡಿ. (ಕಣ್ಣು, ಕಿವಿಯ ತೊಂದರೆ ಇದೆಯೇ ಎಂದೂ ನೋಡಲೇಬೇಕು.)

‘ಏಟು ಬಿದ್ದರೇ ವಿದ್ಯೆ’ ಎನ್ನುವವರು ಇನ್ನೂ ಇದ್ದಾರೆ. ಭಯ ಕಲಿಸುತ್ತದೆ, ನಿಜ. ಆದರೆ ಅದು ಕಲಿಸುವುದು ಮಗ್ಗಿಯನ್ನಲ್ಲ, ಶಾಲೆ ತಪ್ಪಿಸುವುದನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ದಡ್ಡ’ ಎಂದು ಎಲ್ಲರೆದುರು ಕರೆಯುವುದನ್ನು ನಾನು ಅದರಲ್ಲೇ ಸೇರಿಸುತ್ತೇನೆ.

ಗೆಳೆತನ, ಜಗಳ, ರಾಜಿ ಇವೆಲ್ಲ ಪಾಠಕ್ಕೆ ಹೊರತು ಎಂಬುದೂ ಸುಳ್ಳು. 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 213 ಶಾಲಾ ಕಾರ್ಯಕ್ರಮಗಳನ್ನು, 2.7 ಲಕ್ಷ ಮಕ್ಕಳನ್ನು ಒಳಗೊಂಡಿತ್ತು, ಬಹುಪಾಲು ಅಮೆರಿಕದವರು. ಭಾವನೆ ಗುರುತಿಸಿ ಹೇಳುವುದನ್ನು, ಜಗಳ ಬಿಡಿಸಿಕೊಳ್ಳುವುದನ್ನು ಕಲಿತ ಮಕ್ಕಳು ಓದಿನಲ್ಲೂ ಮುಂದಿದ್ದರು. ನೂರು ಮಕ್ಕಳ ಸಾಲಿನ ನಡುವೆ ನಿಲ್ಲುವ ಮಗು ಹನ್ನೊಂದು ಸ್ಥಾನ ಮುಂದೆ ಹೋದಷ್ಟು.

ಮಗುವಿನ ಅಳುಕು ಕಳೆಯಲು ದುಡ್ಡು ಖರ್ಚಾಗಲೇಬೇಕೆಂದಿಲ್ಲ. ಗುಳೆಯಿಂದ ಬಂದ ಮಗುವನ್ನು ಮೊದಲ ದಿನ ಗುರುತಿನವರ ಪಕ್ಕ ಕೂರಿಸಬಹುದು. ಬಿಟ್ಟುಹೋದ ಪಾಠ ಕೇಳುವ ಮೊದಲು, ಕಬ್ಬಿನ ಒಂದು ಹೊರೆಗೆ ಎಷ್ಟು ಜಲ್ಲೆ ಕಟ್ತಿದ್ರು ಎಂದು ಕೇಳಬಹುದು. ಆ ಉತ್ತರ ತರಗತಿಯಲ್ಲಿ ಅದಕ್ಕೊಂದಕ್ಕೇ ಗೊತ್ತಿರುತ್ತದೆ.