ತಿರುವಿನಲ್ಲಿ ನೀರು ಹಿಡಿಯುವ ಅಲಗು

ರಿಮೋಟ್‌ನಿಂದ ಓಡಿಸುವ ಹೈಡ್ರೋಪ್ಲೇನ್ ಮಾದರಿಯನ್ನು ಮೊದಲ ಸಲ ನೋಡುವವರ ಕಣ್ಣು ಮೋಟಾರು, ಪ್ರೊಪೆಲರ್, ಬಣ್ಣಗಳ ಕಡೆಗೇ ಹೋಗುತ್ತದೆ. ಪಕ್ಕದಲ್ಲಿ ಸ್ಕ್ರೂ ಹಾಕಿ ಬಿಗಿದಿರುವ, ಅಂಗೈಗಿಂತ ಚಿಕ್ಕದಾದ ಲೋಹದ ಅಲಗನ್ನು ಯಾರೂ ಗಮನಿಸುವುದಿಲ್ಲ. ಅದರ ಹೆಸರು ಟರ್ನ್ ಫಿನ್. ದೋಣಿಯನ್ನು ತಿರುಗಿಸುವುದು ಚುಕ್ಕಾಣಿ ಎಂಬುದು ಎಲ್ಲರ ತಿಳಿವಳಿಕೆ. ಈ ದೋಣಿಗಳಲ್ಲಿ ಚುಕ್ಕಾಣಿ ಮೂತಿಯನ್ನಷ್ಟೇ ತಿರುಗಿಸುತ್ತದೆ. ಓಡುವ ದಾರಿಯನ್ನು ಬಾಗಿಸುವುದು ಈ ಅಲಗು.

ಹೈಡ್ರೋಪ್ಲೇನ್ ನೀರನ್ನು ಸೀಳಿಕೊಂಡು ಹೋಗುವ ದೋಣಿಯಲ್ಲ, ನೀರಿನ ಮೇಲೆ ಜಾರುವ ದೋಣಿ. ಮುಂಭಾಗದಲ್ಲಿ ಎಡಬಲಕ್ಕೆ ಹೊರಚಾಚಿದ ಎರಡು ಸ್ಪಾನ್ಸನ್‌ಗಳು, ಹಿಂದೆ ಅರ್ಧ ಮಾತ್ರ ಮುಳುಗಿದ ಪ್ರೊಪೆಲರ್. ಪೂರ್ತಿ ವೇಗದಲ್ಲಿ ಅದರ ಭಾರವನ್ನು ಹೊರುವುದು ಈ ಮೂರೇ ಜಾಗ. ಹೀಗೆಯೇ ಓಡುವ, ಟೆಡ್ ಜೋನ್ಸ್ ವಿನ್ಯಾಸ ಮಾಡಿ ಆಂಕರ್ ಜೆನ್ಸನ್ ಕಟ್ಟಿದ 'ಸ್ಲೋ-ಮೋ-ಷನ್ 4' ದೋಣಿ 1950ರ ಜೂನ್ 26ರಂದು ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ಸರೋವರದಲ್ಲಿ ಗಂಟೆಗೆ 160.323 ಮೈಲಿ, ಅಂದರೆ ಸುಮಾರು 258 ಕಿ.ಮೀ. ವೇಗ ಮುಟ್ಟಿತು. 1939ರಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಮಾಡಿದ್ದ 141.74 ಮೈಲಿಯ ದಾಖಲೆ ಅಂದು ಮುರಿಯಿತು. ಸ್ಪರ್ಧೆಯ ಅತಿ ದೊಡ್ಡ ದರ್ಜೆಯಾದ ಅನ್‌ಲಿಮಿಟೆಡ್‌ನ ಇಂದಿನ ದೋಣಿಗಳಿಗೆ ಚಿನೂಕ್ ಹೆಲಿಕಾಪ್ಟರಿನ ಲೈಕಮಿಂಗ್ ಟಿ-55 ಟರ್ಬೈನ್ ಕೂರಿಸುತ್ತಾರೆ. ಇಂಥ ದೋಣಿಗಳನ್ನೇ ಎಂಟನೇ ಒಂದು ಅಳತೆಯಲ್ಲಿ, ಮೂಲದ ಬಣ್ಣ ಮತ್ತು ಸಂಖ್ಯೆಗಳ ಸಮೇತ ಕಟ್ಟಿ ಓಡಿಸುವ ಹವ್ಯಾಸ ಸಿಯಾಟಲ್ ಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಮೂಲ ದೋಣಿ ಸುಮಾರು ಒಂಬತ್ತು ಮೀಟರ್ ಉದ್ದ, ಮೂರು ಟನ್ ತೂಕ. ಉದ್ದ ಎಂಟು ಪಾಲು ಕಡಿಮೆಯಾದರೆ ತೂಕ ಎಂಟರ ಘನದಷ್ಟು, ಅಂದರೆ 512 ಪಾಲು ಕಡಿಮೆಯಾಗಬೇಕು. ಹಾಗೆ ಲೆಕ್ಕ ಹಾಕಿದರೆ ಮಾದರಿಗೆ ಬರುವುದು ಆರು ಕೆ.ಜಿ. ಕೈಯಲ್ಲಿ ಎತ್ತಿ ನೋಡಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಣಿತ ಇಷ್ಟು ಚೆನ್ನಾಗಿ ಕೂಡಿಬರುವ ಹವ್ಯಾಸಗಳು ಕಡಿಮೆ.

ಆದರೆ ಒಂದು ಕಡೆ ನಕಲು ಮೂಲದಿಂದ ಬೇರೆಯಾಗಲೇಬೇಕು. ದೊಡ್ಡ ದೋಣಿಗಳು ಅಪ್ರದಕ್ಷಿಣವಾಗಿ ಸುತ್ತುತ್ತವೆ, ಅವುಗಳ ಫಿನ್ ಎಡ ಸ್ಪಾನ್ಸನ್ನಿಗೆ. ಮಾದರಿ ದೋಣಿಗಳ ಸ್ಪರ್ಧೆ ಸಾಮಾನ್ಯವಾಗಿ ಪ್ರದಕ್ಷಿಣವಾಗಿ ನಡೆಯುತ್ತದೆ, ಹಾಗಾಗಿ ಫಿನ್ ಬಲಕ್ಕೆ. ಮಾದರಿಗಳ ಪ್ರೊಪೆಲರ್ ಹಿಂದಿನಿಂದ ನೋಡಿದಾಗ ಸಾಮಾನ್ಯವಾಗಿ ಅಪ್ರದಕ್ಷಿಣವಾಗಿ ತಿರುಗುತ್ತದೆ. ಅರ್ಧ ಮುಳುಗಿದ ಎಲೆಗಳು ನೀರನ್ನು ಬಲಕ್ಕೆ ತಳ್ಳಿ ದೋಣಿಯ ಬಾಲವನ್ನು ಎಡಕ್ಕೆ ಒದೆಯುತ್ತವೆ. ಮೂತಿ ತಾನಾಗಿಯೇ ಬಲಕ್ಕೆ, ಅಂದರೆ ತಿರುವಿನ ಕಡೆಗೇ, ಹೊರಳುತ್ತದೆ.

ಇನ್ನು ಅಲಗಿನ ಕೆಲಸ. ಒದ್ದೆ ನೆಲದ ಮೇಲೆ ಮಣೆಯೊಂದನ್ನು ಜೋರಾಗಿ ತಳ್ಳಿ, ಅದು ಜಾರುತ್ತಿರುವಾಗ ಬೆರಳಿನಿಂದ ತುಸು ತಿರುಗಿಸಿದರೆ ಮಣೆಯ ಮುಖ ತಿರುಗುತ್ತದೆ, ಜಾರುವ ದಿಕ್ಕು ಮಾತ್ರ ಹಳೆಯದೇ. ಫಿನ್ ಇಲ್ಲದ ಹೈಡ್ರೋಪ್ಲೇನ್ ಕೂಡ ಹೀಗೆಯೇ ಅಡ್ಡಡ್ಡ ಜಾರುತ್ತದೆ. ದಾರಿ ಬಾಗಬೇಕಾದರೆ ತಿರುವಿನ ಒಳಗಡೆಗೆ ಎಳೆಯುವ ಬಲ ಬೇಕು. ಆರು ಕೆ.ಜಿ. ತೂಗುವ ಮಾದರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹತ್ತು ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಆ ಬಲ ಸುಮಾರು 167 ನ್ಯೂಟನ್, ಹದಿನೇಳು ಕೆ.ಜಿ. ಭಾರಕ್ಕೆ ಸಮ. ದೋಣಿಯ ತೂಕದ ಹೆಚ್ಚುಕಡಿಮೆ ಮೂರು ಪಟ್ಟು! ಅದರ ಬಹುಪಾಲನ್ನು ತಾಳಿಕೊಳ್ಳುವುದು ನೀರಿನಲ್ಲಿ ಇಳಿದ ಕೆಲವೇ ಚದರ ಸೆಂಟಿಮೀಟರ್ ತಗಡು. ವೇಗ 80ಕ್ಕೆ ಏರಿದರೆ ಈ ಹೊರೆ ಇನ್ನೂ ಮುಕ್ಕಾಲು ಪಾಲು ಹೆಚ್ಚುತ್ತದೆ.

ಈ ಅಲಗಿನಿಂದ ನಾವು ಬಯಸುವುದು ಎರಡು ವಿರುದ್ಧ ಗುಣಗಳನ್ನು: ತಿರುವಿನಲ್ಲಿ ಇಡೀ ದೋಣಿಯನ್ನು ಹಿಡಿಯಬೇಕು, ನೇರ ಓಟದಲ್ಲಿ ಇದ್ದೂ ಇಲ್ಲದಂತಿರಬೇಕು. ಆದ್ದರಿಂದ ಮೊದಲು ನೋಡಬೇಕಾದದ್ದು ಫಿನ್ ಒಡಲಿನ ನಡುಗೆರೆಗೆ ಸಮಾನಾಂತರವಾಗಿದೆಯೇ ಎಂಬುದನ್ನು. ಐದು ಸೆಂ.ಮೀ. ಅಗಲದ ಅಲಗಿನಲ್ಲಿ ಒಂದು ಡಿಗ್ರಿ ಸೊಟ್ಟವೆಂದರೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ, ಬರಿಗಣ್ಣಿಗೆ ಸಿಕ್ಕುವುದಿಲ್ಲ. ಅಲಗಿಗೆ 60 ಸೆಂ.ಮೀ. ಉದ್ದದ ನೇರಪಟ್ಟಿಯನ್ನು ಒತ್ತಿ ಹಿಡಿದರೆ ಅದೇ ಸೊಟ್ಟ ಪಟ್ಟಿಯ ಎರಡು ತುದಿಗಳ ನಡುವೆ ಒಂದು ಸೆಂಟಿಮೀಟರ್ ವ್ಯತ್ಯಾಸವಾಗಿ ಕಾಣಿಸುತ್ತದೆ. ನೇರ ಓಟದಲ್ಲಿ ಒಂದೇ ಕಡೆಗೆ ಎಳೆಯುವ ದೋಣಿಯ ಚುಕ್ಕಾಣಿಯನ್ನು ತಿದ್ದುತ್ತ ಕೂರುವ ಮೊದಲು ಈ ಪಟ್ಟಿ ಹಿಡಿದು ನೋಡುವುದು ಒಳ್ಳೆಯದು. ಫಿನ್ ಬಲಬದಿಯಲ್ಲಿ ಮಾತ್ರ ಇರುವುದರಿಂದ ಅದರ ಎಳೆತ ಮೂತಿಯನ್ನು ತುಸು ಬಲಕ್ಕೆ ಕರೆಯುತ್ತದೆ, ಅಷ್ಟನ್ನು ಚುಕ್ಕಾಣಿ ಸರಿದೂಗಿಸಿದರೆ ಸಾಕು.

ಎರಡನೆಯದು ಫಿನ್ ಹಿಂದುಮುಂದಾಗಿ ಎಲ್ಲಿ ಕೂರಬೇಕೆಂಬುದು. ಗುರುತ್ವಕೇಂದ್ರಕ್ಕಿಂತ ತೀರ ಮುಂದಿದ್ದರೆ ಫಿನ್ ಮೂತಿಯನ್ನು ಒಳಗೆ ಎಳೆಯುತ್ತದೆ, ಬಾಲ ಹೊರಗೆ ಬೀಸಿ ದೋಣಿ ಗಿರಕಿ ಹೊಡೆಯುತ್ತದೆ. ಫಿನ್ ತೀರ ಹಿಂದಿದ್ದರೆ ದೋಣಿ ತಿರುಗಲು ಒಪ್ಪದೆ ಅಗಲವಾದ ಬಳಸುದಾರಿ ಹಿಡಿಯುತ್ತದೆ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಅಲಗಿನ ವಾಲಿಕೆ. ತಿರುವಿನಲ್ಲಿ ದೋಣಿಯ ತೂಕ ಎತ್ತರದಲ್ಲಿ ಹೊರಕ್ಕೆ ಎಳೆಯುತ್ತದೆ, ಫಿನ್ ತಗ್ಗಿನಲ್ಲಿ ಒಳಕ್ಕೆ ಎಳೆಯುತ್ತದೆ. ಈ ಜೋಡಿ ಎಳೆತಕ್ಕೆ ಒಳಬದಿಯ ಸ್ಪಾನ್ಸನ್ ಮೇಲೇಳಲು ಹವಣಿಸುತ್ತದೆ. ಅದು ಎದ್ದರೆ ಫಿನ್ನೂ ನೀರಿನಿಂದ ಹೊರಬರುತ್ತದೆ, ಹಿಡಿತ ಹೆಚ್ಚು ಬೇಕಾದ ಕ್ಷಣದಲ್ಲೇ ಹಿಡಿತ ತಪ್ಪುತ್ತದೆ. ಪರಿಹಾರ ಸರಳ: ಅಲಗಿನ ಕೆಳತುದಿಯನ್ನು ಒಡಲಿನ ಅಡಿಗೆ, ಎಡಕ್ಕೆ, ಸ್ವಲ್ಪ ಬಾಗಿಸುವುದು. ಆಗ ನೀರಿನ ಒತ್ತಡ ಅಲಗನ್ನು ಬಲಕ್ಕೆ ತಳ್ಳುವುದರ ಜೊತೆಗೆ ಕೆಳಕ್ಕೂ ಎಳೆಯುತ್ತದೆ. ತಿರುವು ಬಿಗಿಯಾದಷ್ಟೂ ಸ್ಪಾನ್ಸನ್ನನ್ನು ಒತ್ತಿ ಹಿಡಿಯುವ ಬಲವೂ ಹೆಚ್ಚುತ್ತದೆ. ಯಾವ ಸರ್ವೋ, ಯಾವ ಸೆನ್ಸರ್ ಇಲ್ಲದೆ ಒಂದು ತಗಡಿನ ಬಾಗು ಇಷ್ಟನ್ನು ಮಾಡುತ್ತದೆ. ತುದಿ ಹೊರಕ್ಕೆ ವಾಲಿದ್ದರೆ ಇದೇ ಬಲ ತಿರುಗುಬಾಣವಾಗಿ ದೋಣಿಯನ್ನು ಮಗುಚಲು ಸಹಾಯ ಮಾಡುತ್ತದೆ.

ಅಲಗಿನ ಅಂಚೂ ಮೊಂಡಾಗಿರಬಾರದು. ತಿರುವಿನಲ್ಲಿ ಅಲಗಿನ ಒಂದು ಮುಖದಲ್ಲಿ ಒತ್ತಡ ಏರಿದರೆ ಇನ್ನೊಂದರಲ್ಲಿ ಇಳಿಯುತ್ತದೆ. ಇಳಿದ ಕಡೆಗೆ ಮೇಲಿನ ಗಾಳಿ ನುಗ್ಗಿ ಅಲಗಿನುದ್ದಕ್ಕೂ ಕೆಳಗಿಳಿಯಬಹುದು. ಹಾಗಾದಾಗ ಹಿಡಿತ ಒಮ್ಮೆಗೇ ಕಳಚುತ್ತದೆ. ಅಂಚಿನ ಕಚ್ಚು, ತರಚುಗಳು ಗಾಳಿಗೆ ದಾರಿ ಮಾಡಿಕೊಡುತ್ತವೆ. ತೇಲುವ ಕಡ್ಡಿಗೆ ಬಡಿದ ಫಿನ್ನನ್ನು ಮತ್ತೆ ಮಸೆದು ನಯ ಮಾಡಿದ ಮೇಲೆಯೇ ನೀರಿಗಿಳಿಸಬೇಕು. ಹಾಗೆ ಮಸೆದ ಫಿನ್ ಚಾಕುವಿನಷ್ಟೇ ಹರಿತ. ದಡದಲ್ಲಿ ದೋಣಿ ಎತ್ತುವಾಗ ಬಲಗಡೆಯ ಕೈ ಎಲ್ಲಿದೆ ಎಂಬ ಎಚ್ಚರ ಬೇಕು.

ಆಳ ಎಷ್ಟಿರಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ, ದೋಣಿಯ ತೂಕ, ವೇಗ, ಕೆರೆಯ ಅಲೆ ಎಲ್ಲವೂ ಅದನ್ನು ಬದಲಿಸುತ್ತವೆ. ಕತ್ತರಿಸಿದ ಅಲ್ಯೂಮಿನಿಯಂ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಬೇಕೆನಿಸಿದ್ದಕ್ಕಿಂತ ತುಸು ಉದ್ದದ ಫಿನ್ನಿನಿಂದ ಶುರುಮಾಡಿ, ಪ್ರತಿ ಓಟದ ನಂತರ ಎರಡು ಮೂರು ಮಿಲಿಮೀಟರ್ ಅರ ಹಾಕಿ ಉಜ್ಜುತ್ತ, ದೋಣಿ ತಿರುವಿನಲ್ಲಿ ಜಾರತೊಡಗುವ ಹಂತಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸಬೇಕು. ಅಷ್ಟು ಹೊತ್ತೂ ಪ್ರೊಪೆಲರನ್ನಾಗಲಿ ಬ್ಯಾಟರಿಯ ಜಾಗವನ್ನಾಗಲಿ ಬದಲಿಸಬಾರದು. ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ.