ನಾದದ ಮೂಲಪ್ರತಿ: ನಷ್ಟರಹಿತ ಧ್ವನಿಸಂಕೇತನದ ವಿಧಾನ

ವಚನ ವಾಙ್ಮಯದ ಅಭ್ಯಾಸಿಗಳಿಗೆ ಪಾಠಾಂತರವೆಂಬುದು ಹೊಸ ಮಾತಲ್ಲ. ಒಂದು ಓಲೆಕಟ್ಟಿನಿಂದ ಇನ್ನೊಂದಕ್ಕೆ ವಚನಗಳು ಪ್ರತಿಯಾಗುವಾಗ ಎಲ್ಲಿಯೋ ಒಂದು ಅಕ್ಷರ ಜಾರುವುದು, ಒಂದು ಸಾಲು ಬಿಟ್ಟುಹೋಗುವುದು, ಲಿಪಿಕಾರನಿಗೆ ಅರ್ಥವಾಗದ ಪದವು ಅರ್ಥವಾಗುವ ಪದವಾಗಿ ಮಾರ್ಪಡುವುದು ಸಹಜ. ರಾವಬಹಾದ್ದೂರ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಬೆಳಕಿಗೆ ತಂದ ಕಾಲದಿಂದ ಇಂದಿನವರೆಗೆ ವಚನ ಸಂಪಾದಕರ ಶ್ರಮದ ದೊಡ್ಡ ಪಾಲು ಇಂತಹ ಪ್ರತಿದೋಷಗಳನ್ನು ಗುರುತಿಸಿ ಶುದ್ಧಪಾಠವನ್ನು ನಿರ್ಣಯಿಸುವುದರಲ್ಲಿಯೇ ಸಂದಿದೆ.

ಇಂದು ಅದೇ ಸಮಸ್ಯೆ ಬರಹದಿಂದ ಧ್ವನಿಗೂ ಬಂದಿದೆ. 1991ರಲ್ಲಿ ಲಿಂಗೈಕ್ಯರಾದ ಬಸವರಾಜ ರಾಜಗುರು, 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನಸೂರ ಮೊದಲಾದ ಮಹನೀಯರ ವಚನಗಾಯನ ಇಂದು ನಮಗೆ ಲಭ್ಯವಿರುವುದು ಧ್ವನಿಮುದ್ರಣದ ಬಲದಿಂದ. ಹೆಸರು ಪ್ರಸಿದ್ಧಿಗೆ ಬಾರದ ಎಷ್ಟೋ ಹಿರಿಯರ ವಚನವಾಚನ, ಪುರಾಣಪ್ರವಚನ, ಮಂಗಳಾರತಿ ಪದಗಳು ಮಠಮನೆಗಳ ಕಪಾಟುಗಳಲ್ಲಿ ಕ್ಯಾಸೆಟ್ಟುಗಳಾಗಿ ಉಳಿದಿವೆ. ಟೇಪಿನ ಕಾಂತಲೇಪನ ವರ್ಷಗಳುರುಳಿದಂತೆ ಶಿಥಿಲವಾಗುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಆದುದರಿಂದ ಆ ಧ್ವನಿಯನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಕೆಲಸ ಅನಿವಾರ್ಯವಾಗಿದೆ. ಒಮ್ಮೆ ಟೇಪು ನಶಿಸಿದರೆ ಗಣಕದಲ್ಲಿರುವ ಪ್ರತಿಯೇ ಮುಂದಿನವರಿಗೆ ಮೂಲಪ್ರತಿ. ಅದು ಅಕ್ಷರಶಃ ಶುದ್ಧವಾಗಿರಬೇಕಾದರೆ ಅನುಸರಿಸಬೇಕಾದ ವಿಧಾನವೇ ನಷ್ಟರಹಿತ ಸಂಕೇತನ.

ಧ್ವನಿ ಸಂಖ್ಯೆಯಾಗುವ ಬಗೆ

ಧ್ವನಿಯೆಂದರೆ ಗಾಳಿಯ ಕಂಪನ. ಆ ಕಂಪನದ ಏರಿಳಿತವನ್ನು ಅತಿ ಸಣ್ಣ ಕಾಲಾಂತರಗಳಲ್ಲಿ ಅಳೆದು, ಒಂದೊಂದು ಅಳತೆಯನ್ನೂ ಒಂದೊಂದು ಪೂರ್ಣಾಂಕವಾಗಿ ಬರೆದಿಟ್ಟರೆ ಧ್ವನಿಯು ಸಂಖ್ಯಾಮಾಲೆಯಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಅಳತೆಗಳು. ಪ್ರತಿ ಅಳತೆಗೆ 16 ಬಿಟ್. ಎಡ ಬಲ ಎಂದು ಎರಡು ವಾಹಿನಿಗಳು. ಎಂದರೆ ಒಂದು ಸೆಕೆಂಡಿಗೆ 14,11,200 ಬಿಟ್ಟುಗಳಾದವು. ಈ ಲೆಕ್ಕದಲ್ಲಿ 90 ನಿಮಿಷದ ಒಂದು ಕ್ಯಾಸೆಟ್ಟಿಗೆ 95 ಕೋಟಿ ಬೈಟುಗಳಿಗಿಂತ ಹೆಚ್ಚಿನ ಸ್ಥಳ ಬೇಕು. ನೂರಾರು ಕ್ಯಾಸೆಟ್ಟುಗಳಿರುವಲ್ಲಿ ಸ್ಥಳದ ಚಿಂತೆ ಹುಟ್ಟುವುದು ಸ್ವಾಭಾವಿಕ.

ಸ್ಥಳವನ್ನು ಉಳಿಸಲು ಎರಡು ಮಾರ್ಗಗಳುಂಟು. ಮೊದಲನೆಯದು ಎಂಪಿ-3 ಮೊದಲಾದವುಗಳ ಮಾರ್ಗ. ಒಂದು ದೊಡ್ಡ ಧ್ವನಿಯ ಮರೆಯಲ್ಲಿ ಕಿವಿಗೆ ಕೇಳದೆ ಹೋಗುವ ಸಣ್ಣ ಧ್ವನಿಗಳನ್ನು ಲೆಕ್ಕಹಾಕಿ ಕೈಬಿಡುವುದು ಅದರ ತತ್ತ್ವ. ಕೇಳುವ ಸಂತೋಷಕ್ಕೆ ಅದು ಸಾಕಾದೀತು. ಆದರೆ ಕೈಬಿಟ್ಟದ್ದು ಮರಳಿ ಬಾರದು. ಎರಡನೆಯದು ನಷ್ಟರಹಿತ ಮಾರ್ಗ. ಇದರಲ್ಲಿ ಕಡತವು ಕುಗ್ಗುತ್ತದೆ, ಆದರೆ ಬಿಚ್ಚಿದಾಗ ಮೊದಲಿದ್ದ ಪ್ರತಿಯೊಂದು ಸಂಖ್ಯೆಯೂ ಇದ್ದಂತೆಯೇ ದೊರೆಯುತ್ತದೆ. ಯಾವುದು ಸಾರ, ಯಾವುದು ಅಸಾರ ಎಂದು ನಿರ್ಣಯಿಸುವ ಅಧಿಕಾರವನ್ನು ಮೊದಲನೆಯ ಮಾರ್ಗ ಯಂತ್ರಕ್ಕೆ ಒಪ್ಪಿಸುತ್ತದೆ. ಎರಡನೆಯದು ಯಾರಿಗೂ ಒಪ್ಪಿಸುವುದಿಲ್ಲ. ಇವೆರಡರ ಮುಖ್ಯ ವ್ಯತ್ಯಾಸ ಇದೇ.

ಕಳೆಯದೆ ಕುಗ್ಗಿಸುವುದು ಹೇಗೆ?

ಏನನ್ನೂ ಬಿಡದೆ ಕುಗ್ಗಿಸುವುದು ಹೇಗೆ ಸಾಧ್ಯವೆಂಬ ಶಂಕೆಗೆ ಒಂದು ಉದಾಹರಣೆ ಸಮಾಧಾನ ನೀಡೀತು. ಕ್ರಮವಾಗಿ ಬಂದ ಐದು ಅಳತೆಗಳು 100, 104, 109, 113, 118 ಎಂದಿರಲಿ. ಹಿಂದಿನ ಎರಡು ಅಳತೆಗಳು ತೋರಿಸುವ ಓಟವೇ ಮುಂದುವರಿಯುವುದೆಂದು ಊಹಿಸಿದರೆ 100, 104ರ ಬಳಿಕ 108 ಬರಬೇಕು. ಬಂದದ್ದು 109, ಊಹೆ ತಪ್ಪಿದ್ದು +1. ಮುಂದಿನ ಊಹೆ 114, ಬಂದದ್ದು 113, ತಪ್ಪಿದ್ದು -1. ಅದರ ಮುಂದಿನ ಊಹೆ 117, ಬಂದದ್ದು 118, ಪುನಃ +1. ಈಗ ಮೊದಲಿನ ಎರಡು ಅಳತೆಗಳನ್ನೂ, ಬಳಿಕ +1, -1, +1 ಎಂಬ ಶೇಷಗಳನ್ನೂ ಬರೆದಿಟ್ಟರೆ ಸಾಕು. ಓದುವವನು ಅದೇ ಊಹೆಯನ್ನು ಮಾಡಿ ಶೇಷವನ್ನು ಕೂಡಿಸಿದರೆ ಐದೂ ಅಳತೆಗಳು ಯಥಾವತ್ತಾಗಿ ಮರಳುತ್ತವೆ. ಊಹೆಯ ಲೆಕ್ಕವನ್ನು ಪೂರ್ಣಾಂಕಗಳಲ್ಲಿಯೇ ಮಾಡುವುದರಿಂದ ಬರೆಯುವಲ್ಲಿಯೂ ಓದುವಲ್ಲಿಯೂ ಎಳ್ಳಷ್ಟೂ ಭೇದ ಬಾರದು.

ಶೇಷಗಳು ಚಿಕ್ಕವಾದುದರಿಂದ ಅವನ್ನು ಚಿಕ್ಕ ಸಂಕೇತಗಳಲ್ಲಿ ಬರೆಯಬಹುದು. ಅಮೆರಿಕೆಯ ರಾಬರ್ಟ್ ರೈಸ್ ಅವರ ಹೆಸರಿನ ಸಂಕೇತಕ್ರಮ ಇಲ್ಲಿ ಬಳಕೆಗೆ ಬರುತ್ತದೆ. ಧನ ಋಣ ಶೇಷಗಳನ್ನು 0, -1, +1, -2, +2 ಎಂಬ ಸರದಿಯಲ್ಲಿ 0, 1, 2, 3, 4 ಎಂದು ಎಣಿಸಿದರೆ +9 ಎಂಬ ಶೇಷವು 18 ಆಗುತ್ತದೆ. 18ರಲ್ಲಿ ಎರಡು ಎಂಟುಗಳೂ ಮೇಲೆ ಎರಡೂ ಇವೆ. ಎರಡು ಎಂಟುಗಳಿಗೆ ಎರಡು ಸೊನ್ನೆ, ಅಲ್ಲಿಗೆ ಮುಗಿಯಿತೆಂದು ಸೂಚಿಸಲು ಒಂದು, ಉಳಿದ ಎರಡಕ್ಕೆ 010, ಒಟ್ಟು 001010. ಹದಿನಾರು ಬಿಟ್ಟುಗಳ ಸ್ಥಾನದಲ್ಲಿ ಆರು ಬಿಟ್ಟುಗಳಾದವು.

ಎಡ ಬಲ ವಾಹಿನಿಗಳಲ್ಲಿ ಹೆಚ್ಚುಕಡಿಮೆ ಒಂದೇ ಧ್ವನಿಯಿದ್ದರೆ ಎರಡನ್ನೂ ಬರೆಯುವ ಬದಲು ಒಂದನ್ನೂ ಅವುಗಳ ವ್ಯತ್ಯಾಸವನ್ನೂ ಬರೆಯಲಾಗುತ್ತದೆ. ಪೂರ್ಣ ನಿಶ್ಶಬ್ದದ ಭಾಗಕ್ಕೆ ಒಂದೇ ಸಂಖ್ಯೆ ಸಾಕು. ಟೇಪಿನ ಸುಯ್ಯೆಂಬ ಗದ್ದಲ ಮಾತ್ರ ಊಹೆಗೆ ನಿಲುಕುವುದಿಲ್ಲ. ಅದು ಹೆಚ್ಚಿದಷ್ಟೂ ಕಡತ ಕುಗ್ಗುವುದು ಕಡಿಮೆ.

ಫ್ಲ್ಯಾಕ್ ಮತ್ತು ಅದರ ಭಂಡಾರ

ಈ ತತ್ತ್ವಗಳನ್ನು ಅಳವಡಿಸಿಕೊಂಡ ವಿಧಾನಗಳಲ್ಲಿ ಫ್ಲ್ಯಾಕ್ ಎಂಬುದು ಬಹು ಪ್ರಚಲಿತ. ಜಾಶ್ ಕೋಲ್ಸನ್ ಎಂಬವರು ಇದನ್ನು ರೂಪಿಸಿದರು. 2001ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. 2003ರಲ್ಲಿ ಕ್ಸಿಫ್ ಪ್ರತಿಷ್ಠಾನದ ಆಶ್ರಯಕ್ಕೆ ಸೇರಿತು. 2024ರ ಡಿಸೆಂಬರಿನಲ್ಲಿ ಇದರ ಸಂಪೂರ್ಣ ಲಕ್ಷಣವು ಅಂತರಜಾಲದ ಮಾನಕ ಪತ್ರವಾಗಿ 9639ನೆಯ ಸಂಖ್ಯೆಯಲ್ಲಿ ಪ್ರಕಟವಾಯಿತು. ಲಕ್ಷಣಗ್ರಂಥವೊಂದು ಬಹಿರಂಗವಾಗಿರುವುದರಿಂದ, ಇಂದಿನ ಯಂತ್ರಗಳು ಮರೆಯಾದ ಮೇಲೂ ಅದನ್ನು ಓದಿದ ಯಾರೇ ಆಗಲಿ ಈ ಕಡತಗಳನ್ನು ಬಿಚ್ಚಬಲ್ಲರು. ನೂರು ವರ್ಷಗಳ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ.

ಇದರೊಡನೆ ಲಿಬ್‌ಫ್ಲ್ಯಾಕ್ ಎಂಬ ಭಂಡಾರವಿದೆ. ಗಣಕದ ಪರಿಭಾಷೆಯಲ್ಲಿ ಭಂಡಾರವೆಂದರೆ ಸಿದ್ಧ ಕ್ರಮಗಳ ಸಂಗ್ರಹ. ಬೇರೆ ಯಾವುದೇ ಕ್ರಮವಿಧಿಯು ಅವನ್ನು ಕರೆದು ಕೆಲಸ ಮಾಡಿಸಿಕೊಳ್ಳಬಹುದು. ಸಿ ಭಾಷೆಯಲ್ಲಿ ರಚಿತವಾದ ಈ ಭಂಡಾರದಲ್ಲಿ ಸಂಕೇತಕ, ವಿಸಂಕೇತಕ ಎಂಬ ಎರಡು ಪ್ರಧಾನ ಅಂಗಗಳಿವೆ.

ಸಂಕೇತಕವನ್ನು ಮೊದಲು ಸೃಷ್ಟಿಸಿ, ವಾಹಿನಿಗಳೆಷ್ಟು, ಅಳತೆಗೆ ಬಿಟ್ಟುಗಳೆಷ್ಟು, ಸೆಕೆಂಡಿಗೆ ಅಳತೆಗಳೆಷ್ಟು ಎಂಬುದನ್ನು ತಿಳಿಸಬೇಕು. ಸಂಕೋಚನದ ಮಟ್ಟ 0ಯಿಂದ 8ರವರೆಗೆ ಇದೆ. ಮಟ್ಟ ಏರಿದಂತೆ ಯಂತ್ರದ ಶ್ರಮ ಹೆಚ್ಚಿ ಕಡತ ಕಿರಿದಾಗುತ್ತದೆಯೇ ಹೊರತು ಯಾವ ಮಟ್ಟದಲ್ಲಿಯೂ ಧ್ವನಿಗೆ ನಷ್ಟವಿಲ್ಲ. ಬಳಿಕ ಕಡತವನ್ನು ತೆರೆದು ಅಳತೆಗಳನ್ನು ತಂಡತಂಡವಾಗಿ ಉಣಿಸಬೇಕು. ಕೊನೆಗೆ ಸಮಾಪ್ತಿಯ ಕ್ರಮವನ್ನು ತಪ್ಪದೆ ಕರೆಯಬೇಕು. ಉಳಿದ ಅಳತೆಗಳನ್ನು ಬರೆದು, ಕಡತದ ಶಿರೋಭಾಗದಲ್ಲಿ ಒಟ್ಟು ಸಂಖ್ಯೆಯನ್ನೂ ಮುದ್ರೆಯನ್ನೂ ತುಂಬುವುದು ಅದರ ಕಾರ್ಯ.

ವಿಸಂಕೇತಕದ ರೀತಿ ಬೇರೆ. ಅದು ಕಡತವನ್ನು ಓದುತ್ತ, ವಿವರ ದೊರೆತಾಗ ಒಂದು, ಧ್ವನಿಯ ತಂಡ ಬಿಚ್ಚಿದಾಗ ಒಂದು, ದೋಷ ಕಂಡಾಗ ಒಂದು ಎಂದು ಮೂರು ಬಗೆಯಾಗಿ ತನ್ನನ್ನು ಕರೆದ ಕ್ರಮವಿಧಿಗೆ ವರದಿಯೊಪ್ಪಿಸುತ್ತದೆ. ದೋಷದ ವರದಿಯನ್ನು ಕೇಳಿಯೂ ಕೇಳದಂತೆ ಬಿಡುವ ಕ್ರಮವಿಧಿಯು ಬಿಟ್ಟ ಸಾಲನ್ನು ಮುಚ್ಚಿಟ್ಟ ಲಿಪಿಕಾರನಿಗೆ ಸಮಾನ.

ಅಂಕಿತವೂ ಮುದ್ರೆಯೂ

ಸಂಕೇತಕಕ್ಕೆ ಕೊಟ್ಟ ಸಮಸ್ತ ಅಳತೆಗಳಿಂದ ಎಂಡಿ-5 ಎಂಬ ಗಣಿತಕ್ರಮದಂತೆ 128 ಬಿಟ್ಟುಗಳ ಒಂದು ಮುದ್ರೆ ಸಿದ್ಧವಾಗುತ್ತದೆ. ಒಂದೇ ಒಂದು ಅಳತೆ ಬದಲಾದರೂ ಮುದ್ರೆ ಹೊಂದುವುದಿಲ್ಲ. ವಚನದ ಅಂಕಿತವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಆದರೆ ಭೇದವೂ ಉಂಟು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ವಚನ ಯಾರದೆಂಬುದನ್ನು ಸೂಚಿಸುತ್ತವೆ. ಒಳಗಿನ ಪದ ತಿದ್ದಿದ್ದರೂ ಅಂಕಿತ ಹಾಗೆಯೇ ಇರುತ್ತದೆ. ಧ್ವನಿಯ ಮುದ್ರೆ ಯಾರದೆಂಬುದನ್ನು ಹೇಳಲಾರದು, ಆದರೆ ಒಳಗು ಕೆಟ್ಟಿಲ್ಲವೆಂಬುದಕ್ಕೆ ಸಾಕ್ಷಿ ನುಡಿಯುತ್ತದೆ. ಹಾಡಿದವರ ಹೆಸರು, ಊರು, ದಿನಾಂಕ ಮೊದಲಾದವನ್ನು ಕನ್ನಡ ಲಿಪಿಯಲ್ಲಿಯೇ ಕಡತದ ವಿವರಭಾಗದಲ್ಲಿ ಸೇರಿಸಲು ಅವಕಾಶವಿದೆ. ಮುದ್ರೆ ಧ್ವನಿಗೆ ಮಾತ್ರ ಸಂಬಂಧಿಸಿದ್ದರಿಂದ ವಿವರವನ್ನು ಮುಂದೆ ತಿದ್ದಿದರೂ ಅದು ಕೆಡುವುದಿಲ್ಲ.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ವಿಸಂಕೇತಕವು ಮುದ್ರೆಯನ್ನು ತಾನಾಗಿ ಪರೀಕ್ಷಿಸುವುದಿಲ್ಲ. ಆ ಆಯ್ಕೆಯನ್ನು ಮುಂಚಿತವಾಗಿಯೇ ಕೇಳಿಕೊಳ್ಳಬೇಕು. ಕಡತವನ್ನು ಆದಿಯಿಂದ ಅಂತ್ಯದವರೆಗೆ ಓದಿದಾಗಲೇ ಪರೀಕ್ಷೆ ಸಲ್ಲುತ್ತದೆ. ನಡುವೆ ಹಾರಿದರೆ ಅದು ನಿಂತುಹೋಗುತ್ತದೆ. ಸಂಕೇತಕಕ್ಕೂ ಒಂದು ಆತ್ಮಪರೀಕ್ಷೆಯ ಆಯ್ಕೆಯಿದೆ: ತಾನು ಬರೆದುದನ್ನು ತಾನೇ ಮರಳಿ ಬಿಚ್ಚಿ ಮೂಲದೊಡನೆ ಹೋಲಿಸಿ, ಭೇದವಿದ್ದರೆ ಅದು ತಿಳಿಸುತ್ತದೆ. ಸಂರಕ್ಷಣೆಯ ಕಾರ್ಯದಲ್ಲಿ ಇವೆರಡನ್ನೂ ಬಿಡತಕ್ಕದ್ದಲ್ಲ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಮುದ್ರೆಯು ಕೊಟ್ಟದ್ದಕ್ಕೆ ನಿಷ್ಠೆಯನ್ನು ಸಾರುತ್ತದೆಯೇ ಹೊರತು ಕೊಟ್ಟದ್ದು ಸರಿಯೇ ಎಂಬುದನ್ನಲ್ಲ. ಎಡ ಬಲ ಅದಲುಬದಲಾಗಿ ಕೊಟ್ಟರೆ ಆ ತಪ್ಪನ್ನೇ ಅದು ಪ್ರಾಮಾಣಿಕವಾಗಿ ಕಾಯುತ್ತದೆ. ಎಂಪಿ-3 ಕಡತವೊಂದನ್ನು ಬಿಚ್ಚಿ ಫ್ಲ್ಯಾಕ್ ಮಾಡಿದರೆ ಕಳೆದುಹೋದ ಧ್ವನಿ ಮರಳುವುದಿಲ್ಲ. ಗಾತ್ರ ಮಾತ್ರ ಬೆಳೆಯುತ್ತದೆ. ಆದುದರಿಂದ ಟೇಪಿನಿಂದ ಮೊದಲ ಬಾರಿ ಇಳಿಸಿಕೊಳ್ಳುವಾಗಲೇ ಶ್ರದ್ಧೆಯಿರಬೇಕು. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘವು ಇಂತಹ ಕಾರ್ಯಕ್ಕೆ ಸೆಕೆಂಡಿಗೆ ಕನಿಷ್ಠ 48,000 ಅಳತೆ, ಅಳತೆಗೆ 24 ಬಿಟ್ ಇರಬೇಕೆಂದು ಸೂಚಿಸಿದೆ. ಫ್ಲ್ಯಾಕ್ ಇದನ್ನು ಸುಲಭವಾಗಿ ವಹಿಸಬಲ್ಲದು.

ಗದ್ದಲವನ್ನು ತೆಗೆದು ಶುಚಿಗೊಳಿಸಿಯೇ ಸಂಗ್ರಹಿಸೋಣವೆಂಬ ಆಸೆ ಹುಟ್ಟುವುದುಂಟು. ಅದರಿಂದ ಕಡತವೂ ಕಿರಿದಾಗುತ್ತದೆ, ಕಿವಿಗೂ ಹಿತವಾಗುತ್ತದೆ. ಆದರೆ ಗದ್ದಲದೊಡನೆ ಗಾಯಕನ ಉಸಿರು, ತಂಬೂರಿಯ ನವುರಾದ ಝೇಂಕಾರ, ಪದಾಂತ್ಯದ ಮಹಾಪ್ರಾಣ ಹೊರಟುಹೋದೀತು. ಓಲೆಯಲ್ಲಿದ್ದುದನ್ನು ಇದ್ದಂತೆ ಪ್ರತಿಮಾಡಿಕೊಂಡು, ಪರಿಷ್ಕೃತ ಪಾಠವನ್ನು ಬೇರೆಯಾಗಿ ಸಿದ್ಧಪಡಿಸುವುದು ಗ್ರಂಥಸಂಪಾದನೆಯ ಮರ್ಯಾದೆ. ಧ್ವನಿಗೂ ಅದೇ ಮರ್ಯಾದೆ ಸಲ್ಲಬೇಕು: ಇಳಿಸಿಕೊಂಡದ್ದು ಮುದ್ರೆಸಹಿತ ಮೂಲಪ್ರತಿ, ಶುಚಿಗೊಳಿಸಿದ್ದು ಕೇಳುಗರ ಪ್ರತಿ.

ಓಲೆಯ ಲಿಪಿಕಾರನಿಗೆ ತನ್ನ ಪ್ರತಿ ಮೂಲದಂತಿದೆಯೇ ಎಂದು ತಿಳಿಯಲು ಸಾಲುಸಾಲಾಗಿ ಮತ್ತೆ ಓದುವುದರ ಹೊರತು ಉಪಾಯವಿರಲಿಲ್ಲ. ಇಂದಿನ ಸಂಗ್ರಾಹಕನಿಗೆ ಆ ಪರೀಕ್ಷೆ ಕೆಲವೇ ಕ್ಷಣಗಳ ಕೆಲಸ. ಇಷ್ಟು ಸುಲಭವಾದುದನ್ನೂ ಮಾಡದೆ ಹಿರಿಯರ ನಾದವನ್ನು ಅರೆಬರೆಯಾಗಿ ಉಳಿಸಿದರೆ ಮುಂದಿನ ಪೀಳಿಗೆಗೆ ಹೇಳಲು ನೆಪವಿರದು. ಟೇಪು ಇನ್ನೂ ನುಡಿಯುತ್ತಿರುವಾಗಲೇ, ನಷ್ಟರಹಿತವಾಗಿ, ಪರೀಕ್ಷಿಸಿ, ವಿವರ ಬರೆದು, ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಪ್ರತಿಯಿಟ್ಟು ಕಾಪಾಡುವುದು ಈ ಕಾಲದ ಕಾಯಕ.