ಉರಿಯೂತದ ಕುರುಹು ಮತ್ತು ಹೃದ್ರೋಗ

ಧಮನಿಯ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ರಕ್ತದ ಹಾದಿ ಕಿರಿದಾಗುವುದೇ ಹೃದಯಾಘಾತಕ್ಕೆ ಕಾರಣವೆಂಬ ವಿವರಣೆ ವಿದ್ಯಾವಂತರಲ್ಲಿ ರೂಢವಾಗಿದೆ. ಅದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಈ ವಿಕಾರದಲ್ಲಿ ಉರಿಯೂತದ ಲಕ್ಷಣಗಳಿವೆಯೆಂದು ಜರ್ಮನಿಯ ರುಡಾಲ್ಫ್ ಫಿರ್ಖೋ 1856ರಷ್ಟು ಹಿಂದೆಯೇ ಪ್ರತಿಪಾದಿಸಿದ್ದನು. ಆ ಮಾತಿಗೆ ಪ್ರಯೋಗದ ಪುಷ್ಟಿ ದೊರೆಯಲು ಒಂದೂವರೆ ಶತಮಾನ ಹಿಡಿಯಿತು.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಒಂದು ವಿಶೇಷ ಪದಾರ್ಥವನ್ನು ಕಂಡರು. ರೋಗಾಣುವಿನ ‘ಸಿ’ ಎಂಬ ಅಂಶದೊಡನೆ ಅದು ಪ್ರತಿಕ್ರಿಯೆ ತೋರಿದುದರಿಂದ ಮುಂದೆ ಅದಕ್ಕೆ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರು ಬಂದಿತು. ದೇಹದಲ್ಲಿ ಎಲ್ಲಿಯೇ ಉರಿಯೂತ ಉಂಟಾದರೂ, ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕದ ಪ್ರೇರಣೆಯಿಂದ ಯಕೃತ್ತು ಇದನ್ನು ಹೇರಳವಾಗಿ ಉತ್ಪಾದಿಸುತ್ತದೆ.

ಅಮೆರಿಕದ ವೈದ್ಯರನ್ನೇ ಕುರಿತು ನಡೆದ ದೀರ್ಘಕಾಲದ ಅಧ್ಯಯನದ ರಕ್ತಮಾದರಿಗಳನ್ನು ಪೌಲ್ ರಿಡ್ಕರ್ ಮತ್ತು ಸಂಗಡಿಗರು ಪರಿಶೀಲಿಸಿ, 1997ರಲ್ಲಿ ಮಹತ್ವದ ಸಂಗತಿಯೊಂದನ್ನು ಪ್ರಕಟಿಸಿದರು. ಆರೋಗ್ಯವಂತರಾಗಿದ್ದವರಲ್ಲಿಯೂ ಈ ಪ್ರೋಟೀನು ಹೆಚ್ಚಾಗಿದ್ದವರಿಗೆ ಮುಂದೆ ಹೃದಯಾಘಾತದ ಸಂಭವ ಅಧಿಕವಾಗಿತ್ತು. 2003ರಲ್ಲಿ ಅಲ್ಲಿನ ತಜ್ಞರು ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಮೆಯಾದರೆ ಅಪಾಯ ಅಲ್ಪ, 1ರಿಂದ 3ರವರೆಗೆ ಮಧ್ಯಮ, 3ನ್ನು ಮೀರಿದರೆ ಅಧಿಕ ಎಂದು ವಿಂಗಡಿಸಿದರು. ಆದರೆ ಜ್ವರ, ಗಾಯ, ಕೀಲುವಾತಗಳಲ್ಲಿಯೂ ಈ ಅಂಶ ಏರುವುದರಿಂದ ಒಂದೇ ಪರೀಕ್ಷೆಯನ್ನು ನಂಬಿ ತೀರ್ಮಾನಿಸಲಾಗದು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಸುಪರಿಚಿತವಾದ ಪ್ರಶ್ನೆಯೊಂದು ಏಳುತ್ತದೆ: ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವಾಗುವುದೆ? ಹುಟ್ಟಿನಿಂದಲೇ ಈ ಪ್ರೋಟೀನು ಹೆಚ್ಚಾಗಿರುವಂತಹ ಆನುವಂಶಿಕ ಗುಣವುಳ್ಳವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬರಲಿಲ್ಲ. ಆದುದರಿಂದ ಇದು ಸಾಕ್ಷಿಯೇ ಹೊರತು ಅಪರಾಧಿಯಲ್ಲವೆಂದು ವಿದ್ವಾಂಸರು ಬಗೆದರು.

ಹಾಗಾದರೆ ಸಾಕ್ಷಿ ಬೆರಳಿಟ್ಟು ತೋರುವ ಉರಿಯೂತವಾದರೂ ಕಾರಣವೆ? 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಿಂದೆ ಹೃದಯಾಘಾತಕ್ಕೆ ತುತ್ತಾಗಿದ್ದ 10,061 ಮಂದಿ ಭಾಗವಹಿಸಿದ್ದರು. ಇಂಟರ್‌ಲ್ಯೂಕಿನ್-1 ಬೀಟಾ ಎಂಬುದನ್ನು ತಡೆಯುವ ಕ್ಯಾನಕಿನುಮಾಬ್ ಔಷಧದ 150 ಮಿಲಿಗ್ರಾಮಿನ ಪ್ರಮಾಣವನ್ನು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದುವು ಶೇಕಡ 15ರಷ್ಟು ತಗ್ಗಿದವು. ಕೆಟ್ಟ ಕೊಲೆಸ್ಟೆರಾಲ್ ಮಾತ್ರ ತಗ್ಗಲಿಲ್ಲ. ಫಿರ್ಖೋವಿನ ಊಹೆಗೆ ಇದು ಬಲವಾದ ಸಮರ್ಥನೆ. ಆದರೆ ಔಷಧ ಪಡೆದವರಲ್ಲಿ ಸೋಂಕಿನಿಂದ ಸತ್ತವರ ಸಂಖ್ಯೆ ಹೆಚ್ಚಿತು. ಉರಿಯೂತವು ದೇಹದ ಕಾವಲುಗಾರನೂ ಹೌದಷ್ಟೆ! ಆತನನ್ನು ಪೂರ್ತಿ ನಿರಾಯುಧನನ್ನಾಗಿಸದೆ ಧಮನಿಯನ್ನು ಕಾಪಾಡುವ ಬಗೆ ಯಾವುದು? ಸಂಶೋಧಕರ ಮುಂದಿರುವ ಸಮಸ್ಯೆ ಇದೇ.